ರಷ್ಯಾದ ಅನಿಲ, ಯುರೋಪಿನ ಯುದ್ಧ: ನಿರ್ಬಂಧ ಪೈಪ್‌ಲೈನಿನ ಮುಂದೆ ಯಾಕೆ ನಿಂತಿತು?

2022ರ ಏಪ್ರಿಲ್ 6. ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿ ಆರು ವಾರ ಆಗಿತ್ತು. ಅವತ್ತು ಯುರೋಪಿಯನ್ ಒಕ್ಕೂಟದ ವಿದೇಶಾಂಗ ಮುಖ್ಯಸ್ಥ ಜೋಸೆಪ್ ಬೊರೆಲ್ ಯುರೋಪಿನ ಸಂಸತ್ತಿನ ಮುಂದೆ ಒಂದು ಲೆಕ್ಕ ಇಟ್ಟರು. ಉಕ್ರೇನ್ ತನ್ನನ್ನು ಕಾಪಾಡಿಕೊಳ್ಳಲಿ ಎಂದು ಒಕ್ಕೂಟ ಕೊಟ್ಟಿದ್ದು 100 ಕೋಟಿ ಯೂರೊ. ಯುದ್ಧ ಶುರುವಾದ ಮೇಲೆ ತೈಲ, ಅನಿಲ, ಕಲ್ಲಿದ್ದಲಿಗೆ ಅದೇ ಯುರೋಪ್ ರಷ್ಯಾಕ್ಕೆ ಕಟ್ಟಿದ್ದು 3,500 ಕೋಟಿ ಯೂರೊ.

ಕಾರ್ಖಾನೆಗಳ ಪರವಾಗಿ ಅನಿಲ ಖರೀದಿ ಒಪ್ಪಂದಗಳನ್ನು ಓದುವುದು, ಚೌಕಾಸಿ ಮಾಡುವುದು ನನ್ನ ಕೆಲಸ. ಈ ಯುದ್ಧದ ಮಾತು ಬಂದಾಗಲೆಲ್ಲ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಅಷ್ಟೊಂದು ನಿರ್ಬಂಧ ಹೇರಿದವರು ಅನಿಲದ ವಾಲ್ವ್ ಒಂದನ್ನು ಮುಚ್ಚಬಹುದಿತ್ತು, ಅಲ್ವಾ? ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಬೇಕಾದರೆ ಕಲ್ಲಿದ್ದಲು, ತೈಲ, ಅನಿಲ ಈ ಮೂರಕ್ಕೆ ಯುರೋಪ್ ಬೇರೆ ಬೇರೆ ರೀತಿ ನಡೆದುಕೊಂಡಿದ್ದನ್ನು ನೋಡಬೇಕು.

ಕಲ್ಲಿದ್ದಲಿನ ನಿಷೇಧ ಏಪ್ರಿಲ್‌ನಲ್ಲೇ ಬಂತು, ಆಗಸ್ಟ್‌ನಲ್ಲಿ ಜಾರಿಯಾಯಿತು. ಸಮುದ್ರದ ಮೂಲಕ ಬರುವ ಕಚ್ಚಾ ತೈಲದ ನಿಷೇಧ ಜೂನ್‌ನಲ್ಲಿ ತೀರ್ಮಾನವಾಗಿ ಡಿಸೆಂಬರ್ 5ಕ್ಕೆ ಜಾರಿಯಾಯಿತು. ಡೀಸೆಲ್‌ನಂಥ ಸಂಸ್ಕರಿಸಿದ ತೈಲಕ್ಕೆ 2023ರ ಫೆಬ್ರುವರಿ 5ರ ಗಡುವು. ಪೈಪ್‌ಲೈನಿನಲ್ಲಿ ಬರುವ ಅನಿಲದ ಹೆಸರು ಮಾತ್ರ ಯಾವ ಪಟ್ಟಿಯಲ್ಲೂ ಬರಲಿಲ್ಲ. ತೈಲದಲ್ಲೂ ಒಂದು ವಿನಾಯಿತಿ ಇತ್ತು. ರಷ್ಯಾದಿಂದ ಬರುವ ದ್ರೂಜ್ಬಾ ಪೈಪ್‌ಲೈನಿನಲ್ಲಿ ಹಂಗೆರಿ, ಸ್ಲೊವಾಕಿಯಾ, ಜೆಕ್ ದೇಶಗಳಿಗೆ ಹೋಗುವ ತೈಲವನ್ನು ನಿಷೇಧದಿಂದ ಹೊರಗೆ ಇಟ್ಟರು. ಈ ಮೂರಕ್ಕೂ ಸಮುದ್ರ ತೀರ ಇಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟ್ಯಾಂಕರ್ ನೀರಾದರೆ ಇವನು ಕೊಡದಿದ್ದರೆ ಇನ್ನೊಬ್ಬನನ್ನು ಕರೆಯಬಹುದು. ಕಾಲುವೆ ನೀರಾದರೆ ಮೇಲಿನವರು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಕಚ್ಚಾ ತೈಲವನ್ನು ಹಡಗಿಗೆ ತುಂಬಿದರೆ ಅದು ಯಾವ ಬಂದರಿಗಾದರೂ ಹೋಗುತ್ತದೆ. ಅನಿಲ ಹಾಗಲ್ಲ. ಹಡಗಿನಲ್ಲಿ ತರಬೇಕಾದರೆ ಅದನ್ನು ಮೈನಸ್ 162 ಡಿಗ್ರಿಗೆ ತಣಿಸಿ ದ್ರವ ಮಾಡಬೇಕು. ಅದಕ್ಕೆ ಅಲ್ಲೊಂದು ಸ್ಥಾವರ, ನಡುವೆ ವಿಶೇಷ ಹಡಗು, ಇಲ್ಲೊಂದು ಟರ್ಮಿನಲ್ ಬೇಕು. 2022ರ ಫೆಬ್ರುವರಿಯಲ್ಲಿ ಜರ್ಮನಿಯಲ್ಲಿ ಅಂಥ ಟರ್ಮಿನಲ್ ಒಂದೂ ಇರಲಿಲ್ಲ.

ಇಲ್ಲಿ ಇತಿಹಾಸ ಸ್ವಲ್ಪ ನೋಡಬೇಕು. 1970ರ ಫೆಬ್ರುವರಿಯಲ್ಲಿ ಎಸ್ಸೆನ್ ನಗರದಲ್ಲಿ ಪಶ್ಚಿಮ ಜರ್ಮನಿ ಮತ್ತು ಸೋವಿಯತ್ ಒಕ್ಕೂಟದ ನಡುವೆ ಒಪ್ಪಂದವಾಯಿತು. ಮಾನೆಸ್ಮನ್ ಕಂಪನಿ ದೊಡ್ಡ ವ್ಯಾಸದ ಕೊಳವೆ ಕೊಡುವುದು, ಜರ್ಮನ್ ಬ್ಯಾಂಕುಗಳು ಸಾಲ ಕೊಡುವುದು, ಆ ಸಾಲವನ್ನು ಸೋವಿಯತ್ತರು ಅನಿಲ ಮಾರಿ ತೀರಿಸುವುದು. 1973ರಲ್ಲಿ ಅನಿಲ ಹರಿಯಿತು. ಶೀತಲ ಸಮರದ ಎಷ್ಟೋ ಬಿಕ್ಕಟ್ಟುಗಳ ನಡುವೆಯೂ ಅದು ನಿಲ್ಲಲಿಲ್ಲ. 1982ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಸೈಬೀರಿಯಾದ ಹೊಸ ಪೈಪ್‌ಲೈನ್ ತಡೆಯಲು ನಿರ್ಬಂಧ ಹೇರಿದಾಗ ಅದನ್ನು ವಿರೋಧಿಸಿದವರಲ್ಲಿ ಅವರ ಆಪ್ತ ಮಿತ್ರೆ ಮಾರ್ಗರೆಟ್ ಥ್ಯಾಚರ್ ಕೂಡ ಇದ್ದರು. ಆ ವರ್ಷದ ನವೆಂಬರ್‌ನಲ್ಲಿ ಅಮೆರಿಕ ಅದನ್ನು ಹಿಂತೆಗೆದುಕೊಂಡಿತು. ಹಾಗಾಗಿ "ರಷ್ಯಾದವರು ಅನಿಲದ ವಿಷಯದಲ್ಲಿ ಮಾತು ತಪ್ಪುವುದಿಲ್ಲ" ಎಂಬ ನಂಬಿಕೆ ಜರ್ಮನಿಯಲ್ಲಿ ಬೇರೂರಿದ್ದು ನನಗೆ ಅರ್ಥವಾಗುತ್ತದೆ. ಎರಡು ತಲೆಮಾರಿನ ಅನುಭವ ಹಾಗೇ ಇತ್ತು.

ಅರ್ಥವಾಗದಿರುವುದು 2014ರ ನಂತರದ ನಡೆ. 2009ರ ಜನವರಿಯ ಕಡುಚಳಿಯಲ್ಲಿ ಉಕ್ರೇನ್ ಜೊತೆಗಿನ ಜಗಳದಿಂದ ಸುಮಾರು ಎರಡು ವಾರ ಅನಿಲ ನಿಂತು, ಬಲ್ಗೇರಿಯಾ, ಸ್ಲೊವಾಕಿಯಾದ ಜನ ಕಷ್ಟಪಟ್ಟಿದ್ದರು. 2014ರಲ್ಲಿ ರಷ್ಯಾ ಕ್ರಿಮಿಯಾ ಕಿತ್ತುಕೊಂಡಿತು. ಅದರ ಮರುವರ್ಷವೇ, 2015ರಲ್ಲಿ, ರಷ್ಯಾದಿಂದ ಬಾಲ್ಟಿಕ್ ಸಮುದ್ರದ ತಳದಲ್ಲಿ ಜರ್ಮನಿಗೆ ಬರುವ ನಾರ್ಡ್ ಸ್ಟ್ರೀಮ್ 2 ಪೈಪ್‌ಲೈನ್ ಕಟ್ಟುವ ಒಪ್ಪಂದಕ್ಕೆ ಸಹಿ ಬಿತ್ತು. ಅದೇ ವರ್ಷ ರೇಡೆನ್‌ನ ಭೂಗತ ಸಂಗ್ರಹಾಗಾರ ರಷ್ಯಾದ ಸರ್ಕಾರಿ ಅನಿಲ ಕಂಪನಿ ಗಾಜ್‌ಪ್ರಾಮ್ ಕೈಗೆ ಹೋಯಿತು.

ಈ ರೇಡೆನ್ ಬಗ್ಗೆ ನಾನು ಎಲ್ಲ ಕಡೆ ಹೇಳುತ್ತೇನೆ. ಜರ್ಮನಿಯ ಅತಿ ದೊಡ್ಡ ಅನಿಲ ಸಂಗ್ರಹಾಗಾರ ಅದು. ಬೇಸಿಗೆಯಲ್ಲಿ ಅನಿಲ ಅಗ್ಗ. ಆಗ ಭೂಮಿಯೊಳಗೆ ತುಂಬಿಸಿಟ್ಟು ಚಳಿಗಾಲದಲ್ಲಿ ತೆಗೆಯುತ್ತಾರೆ. ಪೂರೈಕೆದಾರ ಕೈಕೊಟ್ಟರೆ ಕೊಂಡವನಿಗೆ ಉಳಿಯುವ ಆಸರೆ ಅದೊಂದೇ. ಆ ಆಸರೆಯನ್ನೇ ಪೂರೈಕೆದಾರನಿಗೆ ಮಾರಿದರು. 2021ರ ಬೇಸಿಗೆಯಲ್ಲಿ ಗಾಜ್‌ಪ್ರಾಮ್ ರೇಡೆನ್ ತುಂಬಿಸಲಿಲ್ಲ. ದಾಳಿ ನಡೆದಾಗ ಅದು ಹೆಚ್ಚುಕಡಿಮೆ ಖಾಲಿ ಬಿದ್ದಿತ್ತು. ಜರ್ಮನಿ ಬಳಸುತ್ತಿದ್ದ ಅನಿಲದಲ್ಲಿ ರಷ್ಯಾದ ಪಾಲು ಆಗ ಶೇ 55ರಷ್ಟು ಅಂತ ಎಲ್ಲರೂ ಬರೆದರು. ನನ್ನ ಪ್ರಕಾರ ಆ ಅಂಕಿಗಿಂತ ಖಾಲಿ ರೇಡೆನ್ ದೊಡ್ಡ ಸುದ್ದಿ. ಶೇ 55 ಇದ್ದರೂ ಸಂಗ್ರಹ ತುಂಬಿದ್ದು, ಒಂದೆರಡು ಟರ್ಮಿನಲ್ ಇದ್ದಿದ್ದರೆ ಅವಲಂಬನೆಯ ಕಥೆಯೇ ಬೇರೆ ಇರುತ್ತಿತ್ತು. ನನ್ನ ಬಳಿ ಬರುವ ಕಾರ್ಖಾನೆಯವರನ್ನೂ ನಾನು ಮೊದಲು ಕೇಳುವುದು ಎಷ್ಟು ಪಾಲು ಅಂತ ಅಲ್ಲ. ನಾಳೆ ಬೆಳಿಗ್ಗೆ ನಿಂತರೆ ಬದಲಿಗೆ ಎಷ್ಟು ದಿನ ಬೇಕು ಅಂತ.

ಇನ್ನು ಒಪ್ಪಂದದ ವಿಷಯ. ಪೈಪ್‌ಲೈನ್ ಅನಿಲದ ಒಪ್ಪಂದಗಳು ಇಪ್ಪತ್ತು, ಮೂವತ್ತು ವರ್ಷದವು. ಅವುಗಳಲ್ಲಿ 'ಟೇಕ್ ಆರ್ ಪೇ' ಎಂಬ ಕಲಮು ಇರುತ್ತದೆ. ಒಪ್ಪಿಕೊಂಡಷ್ಟು ಅನಿಲವನ್ನು ನೀವು ತೆಗೆದುಕೊಳ್ಳದಿದ್ದರೂ ದುಡ್ಡು ಕಟ್ಟಲೇಬೇಕು. ಅಂದರೆ ಒಬ್ಬ ಜರ್ಮನ್ ಖರೀದಿದಾರ 2022ರ ಮಾರ್ಚ್‌ನಲ್ಲಿ ಮನಸ್ಸಾಕ್ಷಿಗೆ ಓಗೊಟ್ಟು "ನಿಮ್ಮ ಅನಿಲ ಬೇಡ" ಅಂದಿದ್ದರೆ, ಅನಿಲವೂ ಇಲ್ಲ, ರಷ್ಯಾಕ್ಕೆ ಹಣ ಹೋಗುವುದೂ ತಪ್ಪುತ್ತಿರಲಿಲ್ಲ. ಅದಕ್ಕೇ ದೇಶದೇಶಗಳ ಬ್ಯಾಂಕುಗಳು ಹಣ ಪಾವತಿಯ ಸಂದೇಶ ಕಳಿಸುವ ಸ್ವಿಫ್ಟ್ ಜಾಲದಿಂದ ಏಳು ರಷ್ಯನ್ ಬ್ಯಾಂಕುಗಳನ್ನು ಹೊರಗೆ ಹಾಕಿದಾಗಲೂ ಗಾಜ್‌ಪ್ರಾಮ್‌ಬ್ಯಾಂಕ್ ಅನ್ನು ಬಿಟ್ಟರು. ಅನಿಲದ ಬಿಲ್ ಕಟ್ಟುವ ದಾರಿ ಅದೇ ಆಗಿತ್ತು.

ಕೊನೆಗೆ ವಾಲ್ವ್ ಮುಚ್ಚಿದ್ದು ರಷ್ಯಾ. ಮಾರ್ಚ್ 31ರಂದು ಪುಟಿನ್ ಬಿಲ್ಲಿನ ಹಣ ರೂಬಲ್ ಮೂಲಕ ಬರಬೇಕು ಎಂದು ಆದೇಶ ಹೊರಡಿಸಿದರು. ಒಪ್ಪದ ಪೋಲೆಂಡ್, ಬಲ್ಗೇರಿಯಾಗಳಿಗೆ ಏಪ್ರಿಲ್ 27ರಂದು ಅನಿಲ ನಿಂತಿತು. ಮೇ, ಜೂನ್ ಹೊತ್ತಿಗೆ ಫಿನ್‌ಲ್ಯಾಂಡ್, ನೆದರ್‌ಲ್ಯಾಂಡ್ಸ್, ಡೆನ್ಮಾರ್ಕ್‌ಗಳ ಸರದಿ. ವರ್ಷಕ್ಕೆ 5,500 ಕೋಟಿ ಘನ ಮೀಟರ್ ಸಾಗಿಸಬಲ್ಲ ನಾರ್ಡ್ ಸ್ಟ್ರೀಮ್ 1ರಲ್ಲಿ ಟರ್ಬೈನ್ ರಿಪೇರಿಯ ನೆಪ ಹೇಳಿ ಜೂನ್‌ನಲ್ಲಿ ಹರಿವನ್ನು ಶೇ 40ಕ್ಕೆ ಇಳಿಸಿದರು, ಜುಲೈ ಕೊನೆಗೆ ಶೇ 20ಕ್ಕೆ, ಸೆಪ್ಟೆಂಬರ್ ಹೊತ್ತಿಗೆ ಸೊನ್ನೆಗೆ. ಸೆಪ್ಟೆಂಬರ್ 26ರಂದು ಬೋರ್ನ್‌ಹೋಮ್ ದ್ವೀಪದ ಹತ್ತಿರ ಸಮುದ್ರದ ತಳದಲ್ಲಿ ಸ್ಫೋಟವಾಗಿ ನಾರ್ಡ್ ಸ್ಟ್ರೀಮ್‌ನ ನಾಲ್ಕು ಕೊಳವೆಗಳಲ್ಲಿ ಮೂರು ಒಡೆದವು.

ಆ ಬೇಸಿಗೆಯ ಬೆಲೆಗಳನ್ನು ನೋಡಿದವರು ಮರೆಯಲಾರರು. ಮೊದಲೆಲ್ಲ ಮೆಗಾವಾಟ್ ಗಂಟೆಗೆ 20 ಯೂರೊ ಆಸುಪಾಸು ಇದ್ದ ಯುರೋಪಿನ ಅನಿಲ ಬೆಲೆ ಆಗಸ್ಟ್ ಕೊನೆಗೆ 300 ಯೂರೊ ದಾಟಿತು. ಯೂನಿಪರ್ ಎಂಬ ಕಂಪನಿಯನ್ನೇ ತೆಗೆದುಕೊಳ್ಳಿ. ಅದು ರಷ್ಯಾದಿಂದ ದೀರ್ಘಾವಧಿ ಒಪ್ಪಂದದಲ್ಲಿ ಕೊಂಡು ಜರ್ಮನಿಯ ಊರೂರಿನ ನಗರಸಭೆ ಕಂಪನಿಗಳಿಗೆ ನಿಗದಿ ಬೆಲೆಗೆ ಮಾರುತ್ತಿತ್ತು. ರಷ್ಯಾದ ಅನಿಲ ನಿಂತ ಮೇಲೂ ಊರುಗಳಿಗೆ ಕೊಡಲೇಬೇಕು, ಅದೂ ಹಳೆಯ ಬೆಲೆಗೆ. ಸಂತೆ ಬೆಲೆಗೆ ಕೊಂಡು ಹಳೆ ಬೆಲೆಗೆ ಮಾರಿ ದಿನವೂ ನಷ್ಟ. ಆ ವರ್ಷ ಅದರ ನಷ್ಟ ಸುಮಾರು 1,900 ಕೋಟಿ ಯೂರೊ. ಕೊನೆಗೆ ಸರ್ಕಾರ ಅದರ ಶೇ 99ರಷ್ಟು ಷೇರು ಕೊಂಡು ರಾಷ್ಟ್ರೀಕರಣ ಮಾಡಿತು. ಕಡಿಮೆ ಬೆಲೆಯ ಅನಿಲ ಅಂತ ಐವತ್ತು ವರ್ಷ ಉಳಿಸಿದ ಹಣದಲ್ಲಿ ಎಷ್ಟು ಭಾಗ ಆ ಒಂದೇ ವರ್ಷದಲ್ಲಿ ವಾಪಸ್ ಹೋಯಿತೋ!

ಯುರೋಪ್ ಆ ಚಳಿಗಾಲ ದಾಟಿತು. ನಾರ್ವೆ ಜಾಸ್ತಿ ಅನಿಲ ಕೊಟ್ಟಿತು, ಜನ ಬಳಕೆ ತಗ್ಗಿಸಿದರು, ಚಳಿಯೂ ಅಷ್ಟು ಕಡುವಾಗಿರಲಿಲ್ಲ. ವಿಲ್ಹೆಲ್ಮ್ಸ್‌ಹಾಫನ್‌ನಲ್ಲಿ ತೇಲುವ ಎಲ್‌ಎನ್‌ಜಿ (ತಣಿಸಿ ದ್ರವ ಮಾಡಿದ ಅನಿಲ) ಟರ್ಮಿನಲ್ ಕೆಲವೇ ತಿಂಗಳಲ್ಲಿ ಎದ್ದು ಡಿಸೆಂಬರ್ 17ರಂದು ಉದ್ಘಾಟನೆಯಾಯಿತು. ಇಂಥ ಕೆಲಸಕ್ಕೆ ವರ್ಷಗಳೇ ಬೇಕು ಅನ್ನುವ ನನ್ನಂಥವರಿಗೆ ಅದು ನಿಜಕ್ಕೂ ಮೆಚ್ಚುವ ಸಾಧನೆ.

ಆದರೆ ಆ ಹಡಗುಗಳು ಎಲ್ಲಿಂದ ಬಂದವು? ಜಗತ್ತಿನಲ್ಲಿ ಎಲ್‌ಎನ್‌ಜಿ ರಾತ್ರೋರಾತ್ರಿ ಹೆಚ್ಚಾಗಲಿಲ್ಲ. ಯುರೋಪ್ ಹೆಚ್ಚು ದುಡ್ಡು ಕೊಟ್ಟು ಬೇರೆಯವರ ಪಾಲನ್ನು ಎಳೆದುಕೊಂಡಿತು. 2022ರ ಜುಲೈನಲ್ಲಿ ಪಾಕಿಸ್ತಾನ ಹತ್ತು ಹಡಗು ಎಲ್‌ಎನ್‌ಜಿಗೆ ಟೆಂಡರ್ ಕರೆದರೆ ಒಬ್ಬರೂ ಬರಲಿಲ್ಲ. ಬಾಂಗ್ಲಾದೇಶ ಆ ಬೆಲೆಗೆ ಕೊಳ್ಳಲಾಗದೆ ಖರೀದಿ ನಿಲ್ಲಿಸಿ ಸರದಿ ಪ್ರಕಾರ ಕರೆಂಟ್ ತೆಗೆಯಿತು. ಈ ಯುದ್ಧದಲ್ಲಿ ಯಾವ ಪಾತ್ರವೂ ಇಲ್ಲದ ಢಾಕಾದ ಜನ ಬೇಸಿಗೆಯಲ್ಲಿ ಕತ್ತಲಲ್ಲಿ ಕೂತರು. ನಿರ್ಬಂಧದ ಚರ್ಚೆಗಳಲ್ಲಿ ಈ ಮಾತು ಕಡಿಮೆ ಕೇಳುತ್ತದೆ. ಅದು ನನಗೆ ಇವತ್ತಿಗೂ ಸಂಕಟ ಕೊಡುತ್ತದೆ.

ನಮಗೂ ಪೆಟ್ಟು ಬಿತ್ತು. ಭಾರತದ ಗೇಲ್ ಕಂಪನಿ 2012ರಲ್ಲಿ ಗಾಜ್‌ಪ್ರಾಮ್‌ನ ಸಿಂಗಪುರ ಘಟಕದ ಜೊತೆ ಇಪ್ಪತ್ತು ವರ್ಷದ ಒಪ್ಪಂದ ಮಾಡಿಕೊಂಡಿತ್ತು, ವರ್ಷಕ್ಕೆ 25 ಲಕ್ಷ ಟನ್ ಎಲ್‌ಎನ್‌ಜಿಗೆ. ಆ ಘಟಕ ಇದ್ದದ್ದು ಗಾಜ್‌ಪ್ರಾಮ್ ಜರ್ಮೇನಿಯಾ ಕೆಳಗೆ. 2022ರ ಏಪ್ರಿಲ್‌ನಲ್ಲಿ ಜರ್ಮನ್ ಸರ್ಕಾರ ಗಾಜ್‌ಪ್ರಾಮ್ ಜರ್ಮೇನಿಯಾವನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಮೇ ತಿಂಗಳಲ್ಲಿ ರಷ್ಯಾ ಅದೇ ಕಂಪನಿಯ ಮೇಲೆ ತಿರುಗಿ ನಿರ್ಬಂಧ ಹಾಕಿತು. ಗೇಲ್‌ಗೆ ಬರಬೇಕಾದ ಹಡಗುಗಳು ಬರಲಿಲ್ಲ. ರಸಗೊಬ್ಬರ ಕಾರ್ಖಾನೆಗಳೂ ಸೇರಿ ತನ್ನ ಗ್ರಾಹಕರಿಗೆ ಗೇಲ್ ಅನಿಲ ಕಡಿತ ಮಾಡಬೇಕಾಯಿತು. ಆ ಜರ್ಮನ್ ಕಂಪನಿಗೆ ಈಗ ಸೆಫೆ ಎಂದು ಹೆಸರು. ಗೇಲ್ ಅದರಿಂದ 180 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೇಳಿತ್ತು. 2025ರ ಜನವರಿಯಲ್ಲಿ 28.5 ಕೋಟಿ ಡಾಲರಿಗೆ ರಾಜಿಯಾಯಿತು.

2021ರ ಜನವರಿಯಲ್ಲಿ ಕೊಚ್ಚಿ–ಮಂಗಳೂರು ಪೈಪ್‌ಲೈನ್ ಉದ್ಘಾಟನೆಯಾದಾಗ ಕರಾವಳಿಯಲ್ಲಿ ಸಂಭ್ರಮ ಇತ್ತು. ಮಂಗಳೂರಿನ ರಸಗೊಬ್ಬರ ಕಾರ್ಖಾನೆ ನಾಫ್ತಾ ಬಿಟ್ಟು ಅನಿಲಕ್ಕೆ ಬದಲಾಯಿತು. ಕೊಚ್ಚಿಯಲ್ಲಿ ಇಳಿಯುವುದು ಹಡಗಿನ ಎಲ್‌ಎನ್‌ಜಿ. ಅಂದರೆ ಬೋರ್ನ್‌ಹೋಮ್ ಹತ್ತಿರ ಕೊಳವೆ ಒಡೆದರೆ ಆ ಕಾರ್ಖಾನೆ ಇರುವ ಪಣಂಬೂರಿನಲ್ಲೂ ಬೆಲೆಯ ಯೋಚನೆ ಶುರು. ರೈತರಿಗೆ ಇದು ಕಾಣಲಿಲ್ಲ. 45 ಕೆಜಿ ಯೂರಿಯಾ ಚೀಲ ಆಗಲೂ ಸುಮಾರು 266 ರೂಪಾಯಿಯೇ. ಏರಿದ್ದೆಲ್ಲ ಬಜೆಟ್ ಮೇಲೆ ಬಿತ್ತು. 2022–23ರಲ್ಲಿ ಕೇಂದ್ರದ ರಸಗೊಬ್ಬರ ಸಬ್ಸಿಡಿ 2.5 ಲಕ್ಷ ಕೋಟಿ ರೂಪಾಯಿ ಮುಟ್ಟಿತು.

ತೈಲದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಅದು ಎಲ್ಲರಿಗೂ ಗೊತ್ತಿರುವುದೇ. ರಷ್ಯಾದ ತೈಲ ಮಾರುಕಟ್ಟೆಗೆ ಬರಲಿ, ಆದರೆ ಅದಕ್ಕೆ ದುಡ್ಡು ಕಡಿಮೆ ಸಿಗಲಿ ಎಂದು ಜಿ7 ದೇಶಗಳು ಬ್ಯಾರಲ್‌ಗೆ 60 ಡಾಲರ್ ಮಿತಿ ಹಾಕಿದವು. ಮಿತಿ ಮೀರಿ ಮಾರಿದರೆ ಪಾಶ್ಚಾತ್ಯ ಕಂಪನಿಗಳ ಹಡಗು, ವಿಮೆ ಸಿಗುವುದಿಲ್ಲ. ಯೋಚನೆ ಒಳ್ಳೆಯದಿತ್ತು, ಜಾರಿ ಸಡಿಲವಿತ್ತು. ರಷ್ಯಾ ಹಳೆಯ ಟ್ಯಾಂಕರ್‌ಗಳನ್ನು ಕೊಂಡು ನಿರ್ಬಂಧದ ಕಣ್ಣು ತಪ್ಪಿಸಿ ಓಡಾಡುವ ತನ್ನದೇ 'ನೆರಳು ಪಡೆ' ಕಟ್ಟಿತು. ಭಾರತದ ಕಚ್ಚಾ ತೈಲ ಆಮದಿನಲ್ಲಿ ಶೇ 2ರ ಆಸುಪಾಸಿದ್ದ ರಷ್ಯಾದ ಪಾಲು ಎರಡೇ ವರ್ಷದಲ್ಲಿ ಮೂರನೇ ಒಂದು ಭಾಗ ಮುಟ್ಟಿತು. ಮಂಗಳೂರಿನ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರಕ್ಕೂ ಆ ತೈಲ ಬಂತು. ಹಡಗು ತಿರುಗಿತು, ಅಷ್ಟೇ.

ಅನಿಲದಲ್ಲಿ ಆ ತಿರುವು ರಷ್ಯಾಕ್ಕೂ ಸಿಗಲಿಲ್ಲ. ಇದನ್ನು ಹಲವರು ಗಮನಿಸುವುದಿಲ್ಲ. ಯುರೋಪಿಗೆ ಹರಿಯುತ್ತಿದ್ದುದು ಪಶ್ಚಿಮ ಸೈಬೀರಿಯಾದ ಅನಿಲ. ಚೀನಾಕ್ಕೆ ಹೋಗುವ 'ಪವರ್ ಆಫ್ ಸೈಬೀರಿಯಾ' ಪೈಪ್‌ಲೈನಿಗೆ ಪೂರ್ವ ಸೈಬೀರಿಯಾದ ಬೇರೆ ನಿಕ್ಷೇಪಗಳಿಂದ ಅನಿಲ ಬರುತ್ತದೆ. ಎರಡಕ್ಕೂ ನಡುವೆ ಸಂಪರ್ಕ ಇಲ್ಲ. 2021ರಲ್ಲಿ ಯುರೋಪಿಯನ್ ಒಕ್ಕೂಟ ರಷ್ಯಾದಿಂದ ಸುಮಾರು 15,500 ಕೋಟಿ ಘನ ಮೀಟರ್ ಅನಿಲ ಕೊಂಡಿತ್ತು. ಅಷ್ಟು ದೊಡ್ಡ ಗಿರಾಕಿಗೆ ಬದಲಿ ಎಲ್ಲಿಂದ ತರುವುದು? 2022ರ ಬೇಸಿಗೆಯಲ್ಲಿ ಫಿನ್‌ಲ್ಯಾಂಡ್ ಗಡಿ ಹತ್ತಿರದ ಪೋರ್ಟೊವಾಯಾದಲ್ಲಿ ಅನಿಲವನ್ನು ಸುಮ್ನೆ ಸುಡುತ್ತಿದ್ದರು. ಆ ಜ್ವಾಲೆ ಫಿನ್‌ಲ್ಯಾಂಡಿನಿಂದ ಕಾಣುತ್ತಿತ್ತು. 2023ರಲ್ಲಿ ಗಾಜ್‌ಪ್ರಾಮ್ 62,900 ಕೋಟಿ ರೂಬಲ್ ನಷ್ಟ ತೋರಿಸಿತು. ಎರಡು ದಶಕದಲ್ಲಿ ಅದಕ್ಕೆ ಅಂಥ ವರ್ಷ ಬಂದಿರಲಿಲ್ಲ.

2025ರ ಜನವರಿ 1ರಂದು ಉಕ್ರೇನ್ ಮೂಲಕ ಹಾದು ಹೋಗುವ ಅನಿಲವೂ ನಿಂತಿತು. ಹೆಚ್ಚು ಕಷ್ಟ ಅನುಭವಿಸಿದ್ದು ಮಾಲ್ಡೋವಾದ ಟ್ರಾನ್ಸ್‌ನಿಸ್ಟ್ರಿಯಾ ಜನ. ನಡುಚಳಿಗಾಲದಲ್ಲಿ ಅವರ ಮನೆಗಳಿಗೆ ಶಾಖ ಇಲ್ಲ, ಬಿಸಿನೀರು ಇಲ್ಲ. ಉಳಿದಿದ್ದು ಟರ್ಕಿ ಮೂಲಕ ಬರುವ ಟರ್ಕ್‌ಸ್ಟ್ರೀಮ್ ಪೈಪ್‌ಲೈನ್, ಮತ್ತೆ ರಷ್ಯಾದ ಉತ್ತರದ ಯಮಲ್‌ನಿಂದ ಹಡಗಿನಲ್ಲಿ ಬರುವ ಎಲ್‌ಎನ್‌ಜಿ. ಯುದ್ಧ ಶುರುವಾಗಿ ಮೂರು ವರ್ಷ ಕಳೆದ ಮೇಲೂ ಬೆಲ್ಜಿಯಂ, ಫ್ರಾನ್ಸ್, ಸ್ಪೇನ್ ಬಂದರುಗಳಿಗೆ ಅದು ಬರುತ್ತಲೇ ಇತ್ತು.

2025ರ ಅಕ್ಟೋಬರ್‌ನ ಯುರೋಪಿಯನ್ ಒಕ್ಕೂಟದ 19ನೇ ಕಂತಿನ ನಿರ್ಬಂಧದಲ್ಲಿ ಮೊದಲ ಸಲ ಅದಕ್ಕೂ ಕೊನೆಯ ದಿನ ಬರೆದರು: ದೀರ್ಘಾವಧಿ ಒಪ್ಪಂದದ ರಷ್ಯನ್ ಎಲ್‌ಎನ್‌ಜಿ 2027ರ ಜನವರಿ 1ರಿಂದ ಬರುವಂತಿಲ್ಲ. ಒಪ್ಪಂದ ಓದುವವರಿಗೆ ಇದು ಮುಖ್ಯ. "ಬೇಡ" ಎಂದು ಕಂಪನಿ ತಾನೇ ಹೇಳಿದರೆ ಟೇಕ್ ಆರ್ ಪೇ ದಂಡ. ಕಾನೂನೇ ತಡೆದರೆ, ತನ್ನ ಕೈ ಮೀರಿದ ಕಾರಣ ಎಂದು ವಾದಿಸಲು ಕಂಪನಿಗೆ ದಾರಿ ಸಿಗುತ್ತದೆ. ಈ ಸಣ್ಣ ಭದ್ರತೆಯನ್ನು ಬರೆದುಕೊಡಲು ಬ್ರಸೆಲ್ಸ್‌ನಲ್ಲಿರುವ ಒಕ್ಕೂಟಕ್ಕೆ ಮೂರೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಯುರೋಪ್ ತರಿಸುವ ಎಲ್‌ಎನ್‌ಜಿಯಲ್ಲಿ ಅಮೆರಿಕದ ಪಾಲು ಅರ್ಧವನ್ನು ದಾಟಿತ್ತು. ಯುರೋಪಿನ ಖರೀದಿದಾರರು ಈಗ ಅಮೆರಿಕದ ಜೊತೆ ಹದಿನೈದು, ಇಪ್ಪತ್ತು ವರ್ಷದ ಹೊಸ ಒಪ್ಪಂದಗಳಿಗೆ ಸಹಿ ಹಾಕುತ್ತಿದ್ದಾರೆ.