ನಚ್ಚಿನಾರ್ಕಿನಿಯರ್: ಉರೈ ಓದುವ ಮುನ್ನ ಒಂದಿಷ್ಟು ಟಿಪ್ಪಣಿ

ನಚ್ಚಿನಾರ್ಕಿನಿಯರ್ ಅಂದರೆ ತಮಿಳಿನ ಹಳೆಯ ಕೃತಿಗಳಿಗೆ ವ್ಯಾಖ್ಯಾನ ಬರೆದ ವಿದ್ವಾಂಸರು. ಹೆಸರು ಕಂಡು ಗಾಬರಿ ಬೀಳಬೇಡಿ. ಬಿಡಿಸಿ ನೋಡಿದರೆ ಅರ್ಧ ಕನ್ನಡವೇ. ನಚ್ಚಿನಾರ್ಕ್ಕು + ಇನಿಯರ್. 'ನಚ್ಚು' ನಮ್ಮ ಹಳಗನ್ನಡದಲ್ಲೂ ಇದೆ, ಈಗಿನ 'ನೆಚ್ಚು' ಅದೇ. 'ಇನಿಯ' ಅಂತೂ ಗೊತ್ತೇ ಇದೆ. ನೆಚ್ಚಿದವರಿಗೆ ಇನಿದಾದವನು, ಅಂದರೆ ಶಿವ. ನಮ್ಮ ವಿದ್ವಾಂಸರು ಶೈವರು, ಭಾರದ್ವಾಜ ಗೋತ್ರದ ಬ್ರಾಹ್ಮಣರು, ಊರು ಮದುರೈ. ಕಾಲ ಸುಮಾರು 14ನೇ ಶತಮಾನ ಅಂತ ಹೆಚ್ಚಿನವರು ಹೇಳುತ್ತಾರೆ.

ತಮಿಳಿನಲ್ಲಿ ವ್ಯಾಖ್ಯಾನಕ್ಕೆ 'ಉರೈ', ಬರೆದವರಿಗೆ 'ಉರೈಯಾಸಿರಿಯರ್' ಅನ್ನುತ್ತಾರೆ. ಇವರು ಉರೈ ಬರೆದ ಕೃತಿಗಳು: ತೊಲ್ಕಾಪ್ಪಿಯಂ (ತಮಿಳಿನ ಹಳೆಯ ವ್ಯಾಕರಣ), ಪತ್ತುಪ್ಪಾಟ್ಟು (ಹತ್ತು ನೀಳ್ಗವಿತೆಗಳ ಸಂಕಲನ) ಮತ್ತು ಕಲಿತ್ತೊಗೈ, ಇವೆರಡೂ ತಮಿಳಿನ ಅತಿ ಹಳೆಯ ಕಾವ್ಯವಾದ ಸಂಗಂ ಸಾಹಿತ್ಯಕ್ಕೆ ಸೇರಿದವು, ಆಮೇಲೆ ಸೀವಕ ಚಿಂತಾಮಣಿ. ಇದರ ಜೊತೆಗೆ ಕುರುಂತೊಗೈ ಅನ್ನುವ ಸಂಗಂ ಸಂಕಲನದ 20 ಪದ್ಯಗಳು. ಈ ಪಟ್ಟಿಯನ್ನು ಹೇಳುವ ಹಳೆಯ ಪದ್ಯವೊಂದು 20 ಅನ್ನಲು 'ಐಞ್ಞಾನ್ಗು' ಅನ್ನುತ್ತದೆ, ಐದು ನಾಲ್ಕಲೆ! ಆ 20 ಪದ್ಯಗಳ ಉರೈ ಮಾತ್ರ ಕಳೆದುಹೋಗಿದೆ.

ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಪತ್ತುಪ್ಪಾಟ್ಟಿನ ಮುಲ್ಲೈಪ್ಪಾಟ್ಟಿನಿಂದ ಶುರು ಮಾಡಿ. ಬರೀ 103 ಸಾಲು, ಕವಿ ನಪ್ಪೂದನಾರ್. ಮಳೆಗಾಲದ ಸಂಜೆ. ಯುದ್ಧಕ್ಕೆ ಹೋದ ಗಂಡ ಬಂದಿಲ್ಲ. ಮನೆಯ 'ಪೆರು ಮುದು ಪೆಂಡಿರ್', ಅಂದರೆ ವಯಸ್ಸಾದ ಹೆಂಗಸರು, ಊರಂಚಿಗೆ ಹೋಗಿ ಭತ್ತ, ಮಲ್ಲಿಗೆ ಚೆಲ್ಲಿ ಕೈಮುಗಿದು ಶಕುನಕ್ಕೆ ಕಿವಿಗೊಟ್ಟು ನಿಲ್ಲುತ್ತಾರೆ. ಯಾರದೋ ಮಾತು ಕಿವಿಗೆ ಬೀಳಬೇಕು, ಅದೇ ಶಕುನ. ಇದಕ್ಕೆ 'ವಿರಿಚ್ಚಿ' ಅಂತ ಹೆಸರು. ಅಲ್ಲೊಬ್ಬಳು ದನ ಕಾಯುವವರ ಹುಡುಗಿ. ಚಿಕ್ಕ ಹಗ್ಗದಲ್ಲಿ ಕಟ್ಟಿದ ಎಳೆಗರು ಚಡಪಡಿಸುತ್ತಿದೆ. ಹುಡುಗಿಗೆ ಚಳಿ, ಕೈಗಳನ್ನು ಹೆಗಲಿಗೆ ಅವಚಿಕೊಂಡು ನಿಂತೇ ಕರುವಿಗೆ ಹೇಳುತ್ತಾಳೆ: "ಇನ್ನೇ ವರುಗುವರ್ ತಾಯರ್."

ಇದಕ್ಕೆ ಅನುವಾದ ಬೇಕಾ? ಇನ್ನೇನು ಬರುವರು ತಾಯಂದಿರು. ಹಿಂದಿನ ಸಾಲಿನ 'ಕೊಡುಂಕೋಲ್ ಕೋವಲರ್' ನಮ್ಮ ಕೋಲು ಹಿಡಿದ ಗೋವಳರೇ. ಮೊದಲ ಸಲ ಓದಿದಾಗ ನಾನು ನಿಘಂಟು ಪಕ್ಕಕ್ಕಿಟ್ಟು ಸುಮ್ನೆ ಕೂತುಬಿಟ್ಟೆ.

ಇಷ್ಟು ಸಲೀಸಾಗಿದ್ದರೆ ಉರೈ ಯಾಕೆ ಅಂತೀರಾ? ತೊಡಕು ಪದಗಳಲ್ಲಿಲ್ಲ, ವಾಕ್ಯದಲ್ಲಿದೆ. ಈ ಕವಿತೆಗಳಲ್ಲಿ ಒಂದು ವಾಕ್ಯ ಹತ್ತಾರು ಸಾಲು ಓಡುತ್ತದೆ. ಯಾವ ಕ್ರಿಯೆ ಯಾರದ್ದು ಅಂತ ತಿಳಿಯುವುದೇ ಕಷ್ಟ. ಶಾಲೆಯಲ್ಲಿ ಮೇಷ್ಟ್ರು ಪದ್ಯಕ್ಕೆ ಅನ್ವಯ ಮಾಡಿಸುತ್ತಿದ್ದರಲ್ಲ, ನಚ್ಚಿನಾರ್ಕಿನಿಯರ್ ಮಾಡುವುದೂ ಅದನ್ನೇ. ಆದರೆ ಕೈ ಸ್ವಲ್ಪ ಉದ್ದ. ಇಲ್ಲಿಯ ಒಂದು ಪದವನ್ನು ಎತ್ತಿ ಎಷ್ಟೋ ಸಾಲು ಆಚೆಯ ಪದಕ್ಕೆ ಗಂಟು ಹಾಕುತ್ತಾರೆ. ಅದಕ್ಕೆ ಆಧಾರವೂ ಇದೆ. ತೊಲ್ಕಾಪ್ಪಿಯಂ 'ಮಾಟ್ಟು' ಅನ್ನುವುದನ್ನು ಪದ್ಯದ ಅಂಗಗಳಲ್ಲಿ ಒಂದಾಗಿ ಹೇಳುತ್ತದೆ: ಅರ್ಥ ದೂರದಲ್ಲಿ ಬಿದ್ದಿರಲಿ, ಹತ್ತಿರವಿರಲಿ, ತಂದು ಕೂಡಿಸಿ ತಿಳಿಸುವುದು.

ಇದಕ್ಕೆ ಬೈಗುಳವೂ ಬಂದಿದೆ. ತಮಿಳು ವಿದ್ವಾಂಸ ಮರೈಮಲೈ ಅಡಿಗಳ್ 1903ರಲ್ಲಿ ಇದೇ ಮುಲ್ಲೈಪ್ಪಾಟ್ಟಿನ ಮೇಲೆ ಬರೆದಾಗ, ಈ ಕತ್ತರಿಸಿ ಜೋಡಿಸುವ ಪದ್ಧತಿ ಕವಿತೆಯ ಓಟವನ್ನೇ ಕೆಡಿಸುತ್ತದೆ ಅಂತ ಆಕ್ಷೇಪಿಸಿದರು. ನನಗೆ ಅಡಿಗಳ್ ಮಾತೇ ಸರಿ ಅನ್ನಿಸುತ್ತದೆ. ಆದರೆ ಹಳೆಯವರ ಕಷ್ಟವೂ ಅರ್ಥವಾಗುತ್ತದೆ. ಒಂದೊಂದು ಭೂಭಾಗಕ್ಕೆ ಒಂದೊಂದು ಭಾವ ಅನ್ನುವ ತಿಣೈ ನಿಯಮದಲ್ಲಿ ಮುಲ್ಲೈ, ಅಂದರೆ ಕಾಡು, ತಾಳ್ಮೆಯಿಂದ ಕಾಯುವುದು; ಗೋಳಾಟ ನೆಯ್ದಲ್‌ಗೆ, ಅಂದರೆ ಕಡಲತೀರಕ್ಕೆ, ಸೇರಿದ್ದು. ಈ ಮುಲ್ಲೈ ಕವಿತೆಯಲ್ಲೋ ಹೆಂಡತಿ ಕಣ್ಣೀರಿಡುತ್ತಾಳೆ. ವ್ಯಾಕರಣವನ್ನು ಅರೆದು ಕುಡಿದವರಿಗೆ ಪದ್ಯ ನಿಯಮ ಮೀರಿದರೆ ತಡೆಯಲಾಗದು, ಅಲ್ವಾ? ಹಾಗಾಗಿ ಮೊದಲು ಮೂಲವನ್ನು ಸಾಲಿನ ಕ್ರಮದಲ್ಲೇ ಎರಡು ಸಲ ಓದಿಕೊಳ್ಳಿ, ಆಮೇಲೆ ಉರೈ ತೆಗೆಯಿರಿ.

ಚಿಂತಾಮಣಿಯದು ಬೇರೆ ಕಥೆ. ತಿರುತ್ತಕ್ಕದೇವರ್ ಬರೆದ ಜೈನ ಕಾವ್ಯ, ನಾಯಕ ಜೀವಂಧರ. 1424ರಲ್ಲಿ ನಮ್ಮ ಭಾಸ್ಕರ ಕವಿ ಷಟ್ಪದಿಯಲ್ಲಿ ಬರೆದದ್ದು ಇದೇ ರಾಜನ ಚರಿತೆ. ಶೈವರಾದ ನಚ್ಚಿನಾರ್ಕಿನಿಯರ್ ಬರೆದ ಮೊದಲ ಉರೈಯನ್ನು ಜೈನರು ಒಪ್ಪಲಿಲ್ಲವಂತೆ. ಜೈನ ಧರ್ಮ ಕಲಿತು ಬಂದು ಮತ್ತೆ ಬರೆದರಂತೆ. ಇದು ಬಾಯಿಂದ ಬಾಯಿಗೆ ಬಂದ ಮಾತು. ವಿಚಿತ್ರ ಅಂದರೆ 1880ರ ನಂತರ ಕುಂಭಕೋಣದ ಕಾಲೇಜಿನಲ್ಲಿ ತಮಿಳು ಪಾಠ ಹೇಳುತ್ತಿದ್ದ, ಹಳೆಯ ತಮಿಳು ಕೃತಿಗಳನ್ನು ಹುಡುಕಿ ಅಚ್ಚಿಗೆ ತಂದ ಉ. ವೇ. ಸಾಮಿನಾದ ಅಯ್ಯರ್ ಅವರೂ ಇದೇ ಕಾವ್ಯಕ್ಕಾಗಿ ಊರಿನ ಜೈನರ ಮನೆ ಬಾಗಿಲಿಗೆ ಹೋಗಬೇಕಾಯಿತು. ಚಿಂತಾಮಣಿಯನ್ನು ಈ ಉರೈಯ ಸಮೇತ ಅವರು ಅಚ್ಚು ಹಾಕಿಸಿದ್ದು 1887ರಲ್ಲಿ.

ಆ ಕೆಲಸದ ನಡುವೆ ಅಯ್ಯರ್‌ಗೆ ಜಾಸ್ತಿ ತಲೆನೋವು ತಂದದ್ದು ಉರೈಯಲ್ಲಿ ಬರುವ ಉದ್ಧರಣೆಗಳು. ನಚ್ಚಿನಾರ್ಕಿನಿಯರ್ ಸಾಲು ಕೊಡುತ್ತಾರೆ, ಕೊನೆಗೆ 'ಎನ್ರಾರ್ ಪಿರರುಂ' ಅಂತ ಮುಗಿಸುತ್ತಾರೆ. ಬೇರೆಯವರೂ ಹೀಗೆಂದರು, ಅಷ್ಟೇ. ಯಾರು, ಯಾವ ಕೃತಿ, ಒಂದೂ ಇಲ್ಲ. ಅವರ ಕಾಲದ ಓದುಗರಿಗೆ ಅದು ಬಾಯಿಪಾಠ, ಹೇಳುವ ಅಗತ್ಯ ಇರಲಿಲ್ಲ. ಐದು ಶತಮಾನ ಕಳೆದ ಮೇಲೆ ಅದನ್ನು ಬಲ್ಲವರೇ ಅಪರೂಪ. ಮುಂದೆ ತಿರುವಾವಡುತುರೈ ಮಠದ ಹಳೆಯ ಓಲೆಗರಿ ಕಟ್ಟುಗಳನ್ನು ಬಿಚ್ಚಿ ಓದುತ್ತಾ ಹೋದಾಗ, ಉರೈಯಲ್ಲಿ ಕಂಡಿದ್ದ ಸಾಲುಗಳು ಅಲ್ಲಿ ಒಂದೊಂದಾಗಿ ಎದುರಾದವು. ಆ 'ಬೇರೆಯವರು' ಸಂಗಂ ಕವಿಗಳಾಗಿದ್ದರು.