ತಾಯಿಯ ಕರುಳಿನಿಂದ ಕೂಸಿನ ಕರುಳಿಗೆ

ಎದೆಹಾಲು ಕುಡಿಯುವ ಕೂಸಿಗೆ ಭೇದಿ ಶುರುವಾದರೆ ಎಲ್ಲರ ಕಣ್ಣೂ ಕೂಸಿನ ಮೇಲೆ. ತಾಯಿಯ ಹೊಟ್ಟೆ ಹೇಗಿದೆ ಅಂತ ಕೇಳುವವರು ಕಡಿಮೆ. ಕೂಸಿನ ಕರುಳಿಗೆ ಸಿಗುವ ಮೊದಲ ಕಾವಲಿನ ತಯಾರಿ ಶುರುವಾಗುವುದು ಬಹುಪಾಲು ತಾಯಿಯ ಕರುಳಿನಲ್ಲೇ. ಇದನ್ನು ತಿಳಿಯೋದಕ್ಕೆ ನಮಗೆ ತುಂಬಾ ಕಾಲ ಹಿಡಿಯಿತು.

1892ರಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಇಲಿಗಳನ್ನು ಗುಲಗಂಜಿ ಮತ್ತು ಹರಳುಬೀಜದ ವಿಷಕ್ಕೆ ಒಗ್ಗಿಸಿದರು. ಆಮೇಲೆ ಮರಿಗಳನ್ನು ಅದಲುಬದಲು ಮಾಡಿದರು. ವಿಷಕ್ಕೆ ಒಗ್ಗದ ತಾಯಿಯ ಮರಿ, ಒಗ್ಗಿದ ಇಲಿಯ ಹಾಲು ಕುಡಿದು ಬೆಳೆಯಿತು. ವಿಷ ಕೊಟ್ಟರೆ ತಡೆದುಕೊಂಡಿತು! ರಕ್ಷಣೆ ಹಾಲಿನಲ್ಲೇ ಬಂದಿತ್ತು.

ಹಾಲಿನಲ್ಲಿ ಇರೋದು ಏನು? 1961ರಲ್ಲಿ ಸ್ವೀಡನ್ನಿನ ಲಾರ್ಸ್ ಹಾನ್ಸನ್, ಹಾಲಿನ ಐಜಿಎ ಎಂಬ ಪ್ರತಿಕಾಯ (ರೋಗಾಣುವನ್ನು ಹಿಡಿದು ತಡೆಯುವ ಪ್ರೋಟೀನ್) ರಕ್ತದಲ್ಲಿರುವಂಥದ್ದಲ್ಲ, ಬೇರೆ ರೂಪದ್ದು ಅಂತ ತೋರಿಸಿದರು. ಅದು ಸುಲಭಕ್ಕೆ ಜೀರ್ಣವಾಗದೆ ಕೂಸಿನ ಕರುಳಲ್ಲಿ ಉಳಿದು ಕೆಲಸ ಮಾಡುತ್ತದೆ. 1975ರ ಪ್ರಯೋಗ ಇನ್ನೂ ಚೆಂದ. ತುಂಬು ಬಸುರಿಯರಿಗೆ ಅಪಾಯವಿಲ್ಲದ ಇ. ಕೋಲಿ ಬ್ಯಾಕ್ಟೀರಿಯಾ ನುಂಗಿಸಿದರು. ಹೆರಿಗೆಯಾದ ಮೇಲೆ ಮೊದಲ ಹಾಲಿನಲ್ಲಿ ಅದೇ ಬ್ಯಾಕ್ಟೀರಿಯಾ ವಿರುದ್ಧ ಪ್ರತಿಕಾಯ ತಯಾರಿಸುವ ಜೀವಕಣಗಳು ಸಿಕ್ಕವು. ನುಂಗಿದ್ದು ಹೊಟ್ಟೆಗೆ, ಉತ್ತರ ಬಂದದ್ದು ಎದೆಯಲ್ಲಿ. ತಾಯಿಯ ಕರುಳು ಯಾವ ಶತ್ರುವನ್ನು ಕಂಡಿದೆಯೋ, ಹಾಲು ಅದಕ್ಕೇ ತಯಾರಾಗಿರುತ್ತದೆ.

ಪರಾವಲಂಬಿಗಳ ಸರದಿ ಬಂದದ್ದು 1983ರಲ್ಲಿ. ಅಮೆರಿಕದ ಫ್ರಾನ್ಸಿಸ್ ಗಿಲಿನ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಎದೆಹಾಲಿಗೆ ಜಿಯಾರ್ಡಿಯಾ ಎಂಬ, ಭೇದಿ ತರುವ ಏಕಕೋಶ ಪರಾವಲಂಬಿಗಳನ್ನು ಸೇರಿಸಿದರು. ಅವು ಸತ್ತವು. ಆಮಶಂಕೆ ತರುವ ಅಮೀಬಾ ಕೂಡ ಸತ್ತಿತು. ಐಜಿಎಯನ್ನು ತೆಗೆದು ನೋಡಿದರೂ ಹಾಲಿನ ಶಕ್ತಿ ಕುಗ್ಗಲಿಲ್ಲ. ಹಸು, ಮೇಕೆ ಹಾಲಿಗೆ ಆ ಗುಣ ಇರಲೇ ಇಲ್ಲ ಅನ್ನಬೇಕು. ಎದೆಹಾಲಿನ ಒಂದು ಕಿಣ್ವ ಕೊಬ್ಬನ್ನು ಒಡೆದಾಗ ಹೊರಬರುವ ಕೊಬ್ಬಿನಾಮ್ಲಗಳೇ ಅವನ್ನು ಕೊಲ್ಲುತ್ತಿದ್ದವು ಅಂತ ಆಮೇಲೆ ಗೊತ್ತಾಯಿತು.

ಆದರೆ ಪ್ರಯೋಗಾಲಯ ಬೇರೆ, ಮನೆ ಬೇರೆ ಅಲ್ವಾ? ಮೆಕ್ಸಿಕೋದ ಕೂಸುಗಳ ಮೇಲೆ ನಡೆದ, 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜಿಯಾರ್ಡಿಯಾ ವಿರುದ್ಧದ ಪ್ರತಿಕಾಯ ಹಾಲಿನಲ್ಲಿ ಜಾಸ್ತಿ ಇದ್ದರೂ ಸೋಂಕು ತಪ್ಪಲಿಲ್ಲ. ತಪ್ಪಿದ್ದು ಭೇದಿ. ಕೂಸನ್ನು ಸಾಕುವವರಿಗೆ ಅದೇನೂ ಸಣ್ಣ ವಿಷಯ ಅಲ್ಲ.

ಇಷ್ಟೆಲ್ಲ ನಡೆಯುವಾಗ ತಾಯಿಯ ಕಾಯಿಲೆಯನ್ನು ಯಾರು ನೋಡಿದರು? ಕೊಕ್ಕೆಹುಳ ಅವಳ ರಕ್ತ ಹೀರುತ್ತಿದ್ದರೂ, ಮಗುವಿಗೆ ಏನಾದರೂ ಆದೀತು ಅಂತ ಬಸುರಿ, ಬಾಣಂತಿಯರನ್ನು ಮಾತ್ರೆಯಿಂದ ದೂರ ಇಡುವುದು ರೂಢಿಯಾಗಿತ್ತು. ರಕ್ತಹೀನತೆ ಮಾತ್ರ ಅವಳ ಪಾಲಿಗೆ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕರೆಸಿದ ತಜ್ಞರು, ರಕ್ತನಾಳದಲ್ಲಿ ಬದುಕುವ ಶಿಸ್ಟೊಸೋಮಾ ಎಂಬ ಇನ್ನೊಂದು ಹುಳಕ್ಕೆ ಕೊಡುವ ಪ್ರಾಜಿಕ್ವಾಂಟೆಲ್ ಮಾತ್ರೆಯನ್ನು ಇವರಿಗೂ ಕೊಡಬಹುದು ಎಂದರು.

ಕೂಸಿಗೂ ಲಾಭ ಆದೀತು ಅನ್ನೋ ಆಸೆ ಅಷ್ಟು ಸುಲಭವಾಗಿ ಕೈಗೂಡಲಿಲ್ಲ. ಉಗಾಂಡಾದ ಎಂಟೆಬೆಯಲ್ಲಿ 2,507 ಬಸುರಿಯರ ಮೇಲೆ ನಡೆದ ಪ್ರಯೋಗದಲ್ಲಿ, ಜಂತುಹುಳದ ಮಾತ್ರೆ ಕೊಟ್ಟರೂ ಕೂಸುಗಳು ಲಸಿಕೆಗೆ ಸ್ಪಂದಿಸುವ ರೀತಿ ಸುಧಾರಿಸಲಿಲ್ಲ. ಬದಲಿಗೆ ಆಲ್ಬೆಂಡಜೋಲ್ ಎಂಬ ಜಂತುಹುಳದ ಮಾತ್ರೆ ತೆಗೆದುಕೊಂಡವರ ಕೂಸುಗಳಲ್ಲಿ ಇಸುಬು ಜಾಸ್ತಿ ಕಂಡಿತು. ಹುಳ ಹೋದಾಗ ಕೂಸಿನ ರೋಗನಿರೋಧಕ ವ್ಯವಸ್ಥೆ ಬೇರೆ ದಾರಿ ಹಿಡಿಯುತ್ತದಾ ಅನ್ನುವ ಪ್ರಶ್ನೆ ಎದ್ದಿತು.

ಹಾಗಂತ ತಾಯಿ ಹುಳ ಇಟ್ಟುಕೊಂಡೇ ಇರಬೇಕಾ? 2019ರಲ್ಲಿ ಪ್ರಕಟವಾದ ಒಂದು ಇಲಿ ಪ್ರಯೋಗ ಇಲ್ಲಿ ಭರವಸೆ ಕೊಡುತ್ತದೆ. ಆ ಇಲಿಗಳಿಗೆ ಹುಳ ತಗುಲಿದ್ದು ಗರ್ಭ ಕಟ್ಟುವ ಮೊದಲು. ಸೋಂಕು ಮುಗಿದು ಹೋಗಿತ್ತು. ಆದರೂ ಅವುಗಳ ಹಾಲಿನ ಮೂಲಕ ರಕ್ಷಣಾ ಜೀವಕಣಗಳು ಮರಿಗಳಿಗೆ ಹೋಗಿ, ದೊಡ್ಡದಾದ ಮೇಲೂ ಹುಳದಿಂದ ಕಾಪಾಡಿದವು. ಹುಳ ಹೋದರೂ ತಾಯಿಯ ದೇಹ ಅದನ್ನು ಮರೆತಿರಲಿಲ್ಲ.