ಒಂದು ಗೇಣು ಖಾಲಿ: ಗ್ರಂಥಾಲಯ ವಿಸ್ತರಣೆಯ ರ‍್ಯಾಕ್ ಲೆಕ್ಕ

ಗ್ರಂಥಾಲಯ ವಿಜ್ಞಾನ ಓದುತ್ತಿರುವವರಿಗೆ ಈ ಟಿಪ್ಪಣಿ. ಅಕ್ಸೆಶನ್ ರಿಜಿಸ್ಟರ್, ಬುಕ್ ಕಾರ್ಡ್, ಇಶ್ಯೂ ಕೌಂಟರ್ ಕೆಲಸ ಇವೆಲ್ಲ ನಿಮಗೆ ಗೊತ್ತು ಅಂದುಕೊಂಡು ಬಿಟ್ಟಿದ್ದೇನೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರ ಐದು ಸೂತ್ರಗಳೂ ಬಾಯಿಪಾಠ ಇರುತ್ತವೆ. ಗ್ರಂಥಾಲಯ ಬೆಳೆಯುವ ಜೀವಿ ಅನ್ನೋದು ಐದನೆಯದು, 1931ರದ್ದು. ಆದರೆ ಆ ಜೀವಿಗೆ ಹತ್ತು ವರ್ಷಕ್ಕೆ ಎಷ್ಟು ರ‍್ಯಾಕ್ ಬೇಕು, ಅವು ಯಾವ ಮೂಲೆಯಲ್ಲಿ ಬೇಕು ಅಂತ ಕೇಳಿದರೆ ನಮ್ಮ ಓದಿನ ಗುಂಪಿನಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ನನ್ನ ತಲೆ ಕೆಟ್ಟದ್ದೂ ಅಲ್ಲೇ. ಹಾಗಾಗಿ ಆ ಭಾಗವೇ ಇಲ್ಲಿ ಜಾಸ್ತಿ ಇದೆ.

ಲೆಕ್ಕಕ್ಕೆ ಒಂದು ಊರು ಇಟ್ಟುಕೊಳ್ಳೋಣ. ಬೆಂಗಳೂರಿನಿಂದ ಬಸ್ಸಿನಲ್ಲಿ ಒಂದೆರಡು ಗಂಟೆ ದೂರದ ಚಿಕ್ಕ ನಗರ. ಅಲ್ಲಿನ ಗ್ರಂಥಾಲಯದಲ್ಲಿ 24,000 ಪುಸ್ತಕ. ವರ್ಷಕ್ಕೆ 1,200 ಬರುತ್ತವೆ, 400 ತೆಗೆಯುತ್ತಾರೆ. ಅಂಕಿಗಳೆಲ್ಲ ನಾನೇ ಇಟ್ಟವು, ಭಾಗಾಕಾರ ಸುಲಭ ಆಗಲಿ ಅಂತ.

ದುಡ್ಡು

ಬೇಗ ಮುಗಿಸೋಣ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ 1965ರದ್ದು. ಅದರಡಿ ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಸೆಸ್. ತೆರಿಗೆ 5,000 ರೂಪಾಯಿ ಇದ್ದರೆ ಸೆಸ್ 300. ಇದು ಆ 5,000ದ ಒಳಗಿನದಲ್ಲ, ಅದರ ಮೇಲಿನದು. ಆಸ್ತಿಯ ಬೆಲೆಯ 6% ಅಂತೂ ಅಲ್ಲವೇ ಅಲ್ಲ. ವಸೂಲಿ ಮಾಡೋದು ಪಾಲಿಕೆ ಅಥವಾ ನಗರಸಭೆ, ಖರ್ಚು ಮಾಡೋದು ಗ್ರಂಥಾಲಯ ಪ್ರಾಧಿಕಾರ. ವಸೂಲಾದ ಸೆಸ್ ಗ್ರಂಥಾಲಯದ ಖಾತೆಗೆ ಬರುವುದು ತಡವಾಗುತ್ತದೆ ಅನ್ನೋ ಸುದ್ದಿ ಪೇಪರಿನಲ್ಲಿ ಆಗಾಗ ಓದುತ್ತೇವೆ, ಅಲ್ವಾ? ಹಾಗಾಗಿ ಯೋಜನೆ ಬರೆಯುವಾಗ ಬರಬೇಕಾದ ಮೊತ್ತ ಹಿಡಿಯಬೇಡಿ. ಹೋದ ವರ್ಷ ನಿಜವಾಗಿ ಖಾತೆಗೆ ಬಂದದ್ದನ್ನು ಹಿಡಿಯಿರಿ. ಇದರ ಜೊತೆಗೆ ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವು. 1972ರಲ್ಲಿ ಶುರುವಾದ ಸಂಸ್ಥೆ. ಇದರ ಮ್ಯಾಚಿಂಗ್ ಯೋಜನೆಯಲ್ಲಿ ರಾಜ್ಯ ತನ್ನ ಪಾಲು ಹಾಕಿದರೆ ಪ್ರತಿಷ್ಠಾನವೂ ಹಾಕುತ್ತದೆ.

ಶೆಲ್ಫ್ ತುಂಬಿದೆ ಅಂದರೆ ಏನು?

ಒಂದು ಶೆಲ್ಫ್ 90 ಸೆಂ.ಮೀ. ಅಗಲ. ಒಂದು ರ‍್ಯಾಕಿನಲ್ಲಿ ಆರು ಶೆಲ್ಫ್. ಒಟ್ಟು 5.4 ಮೀಟರ್. ಪುಸ್ತಕದ ಸರಾಸರಿ ದಪ್ಪ 2 ಸೆಂ.ಮೀ. ಅಂತ ಹಿಡಿದಿದ್ದೇನೆ. ನಿಮ್ಮ ಗ್ರಂಥಾಲಯದಲ್ಲಿ ಅಳೆದೇ ನೋಡಿ. ಕನ್ನಡ ಕಾದಂಬರಿ ತೆಳ್ಳಗಿರುತ್ತದೆ, ಕೆಎಎಸ್ ಗೈಡು ಇಟ್ಟಿಗೆಯಷ್ಟು ದಪ್ಪ.

24,000 ಪುಸ್ತಕ ಅಂದರೆ 480 ಮೀಟರ್. 5.4ರಿಂದ ಭಾಗಿಸಿದರೆ 89 ರ‍್ಯಾಕ್. ಮುಗೀತು ಅನ್ನಿಸುತ್ತದೆ. ಮುಗಿಯಲಿಲ್ಲ.

ಶೆಲ್ಫನ್ನು ಈ ತುದಿಯಿಂದ ಆ ತುದಿಗೆ ತುಂಬಿದರೆ ಅಲ್ಲಿ ಕೆಲಸ ಮಾಡೋಕೆ ಆಗಲ್ಲ. ವಾಪಸ್ ಬಂದ ಒಂದು ಪುಸ್ತಕವನ್ನು ಅದರ ಜಾಗಕ್ಕೆ ಸೇರಿಸಲು ಮೂರು ಶೆಲ್ಫ್ ಸರಿಸಬೇಕು. ಸರಿಸುವ ಪುರುಸೊತ್ತು ಯಾರಿಗಿದೆ? ಸಿಬ್ಬಂದಿ ಸುಮ್ನೆ ಮೇಲೆ ಅಡ್ಡ ಮಲಗಿಸಿ ಹೋಗುತ್ತಾರೆ. ನಮ್ಮ ಏರಿಯಾದ ಶಾಖೆಯಲ್ಲಿ ಕಾದಂಬರಿ ಸಾಲು ನೋಡಿ: ನಿಂತಿರುವ ಪುಸ್ತಕಗಳ ತಲೆ ಮೇಲೆ ಇನ್ನೊಂದು ಸಾಲು ಮಲಗಿದೆ. ಕೆಳಗಿನದನ್ನು ಎಳೆಯಲು ಹೋದರೆ ಬೆನ್ನಿನ ಮೇಲ್ತುದಿಯೇ ಕಿತ್ತು ಬರುತ್ತದೆ. ಅದಕ್ಕೇ ಮುಕ್ಕಾಲು ತುಂಬಿದ ಶೆಲ್ಫನ್ನೇ ತುಂಬಿದ ಶೆಲ್ಫ್ ಅಂತ ಲೆಕ್ಕ ಹಾಕಬೇಕು.

ಇಲ್ಲಿ ನನಗೆ ತುಂಬಾ ಇಷ್ಟವಾದ ಶಾರ್ಟ್‌ಕಟ್. 90 ಸೆಂ.ಮೀ.ನ ಕಾಲು ಭಾಗ 22.5 ಸೆಂ.ಮೀ. ಅದು ಹತ್ತಿರ ಹತ್ತಿರ ಒಂದು ಗೇಣು. ಟೇಪು ಬೇಡ, ಕ್ಯಾಲ್ಕುಲೇಟರ್ ಬೇಡ. ರ‍್ಯಾಕಿನ ಮುಂದೆ ನಡೆಯುತ್ತಾ ಪ್ರತಿ ಶೆಲ್ಫಿನ ಕೊನೆಯಲ್ಲಿ ಗೇಣು ಹಾಕಿ ನೋಡಿ. ಗೇಣು ಹಿಡಿಸಿದರೆ ಸರಿ ಇದೆ. ನಾಲ್ಕು ಬೆರಳು ಮಾತ್ರ ಹಿಡಿಸಿದರೆ ಮುಂದಿನ ವರ್ಷ ತೊಂದರೆ. ಬೆರಳೇ ತೂರದಿದ್ದರೆ ತೊಂದರೆ ಈಗಾಗಲೇ ಬಂದಾಗಿದೆ. ಹತ್ತು ಶೆಲ್ಫಿಗೆ ಒಂದರಂತೆ ನೋಡಿದರೂ ಇಡೀ ಗ್ರಂಥಾಲಯದ ಚಿತ್ರ ಸಿಗುತ್ತದೆ. ನಿಮ್ಮ ಗೇಣು ಎಷ್ಟು ಸೆಂ.ಮೀ. ಅಂತ ಒಮ್ಮೆ ಅಳೆದಿಟ್ಟುಕೊಳ್ಳಿ, ಅಷ್ಟೇ.

ಇನ್ನೊಂದು ವಿಷಯ. ಎಲ್ಲ ಪುಸ್ತಕವೂ ಒಂದೇ ಸಲ ಶೆಲ್ಫಿನಲ್ಲಿ ಇರಲ್ಲ. ಎಂಟರಲ್ಲಿ ಒಂದು, ಅಂದರೆ 3,000 ಪುಸ್ತಕ, ಓದುಗರ ಮನೆಯಲ್ಲಿವೆ ಅಂದುಕೊಳ್ಳಿ. ಉಳಿದದ್ದು 21,000, ಅಂದರೆ 420 ಮೀಟರ್. ಅದನ್ನು 0.75ರಿಂದ ಭಾಗಿಸಿದರೆ 560 ಮೀಟರ್. 104 ರ‍್ಯಾಕ್. ಹೊರಗಿರುವ ಪುಸ್ತಕದ ಸಂಖ್ಯೆಗೆ ವರ್ಷದ ಸರಾಸರಿ ಹಿಡಿಯಬೇಡಿ, ಅತಿ ಕಡಿಮೆ ಇರುವ ವಾರದ್ದನ್ನು ಹಿಡಿಯಿರಿ. ಬೇಸಿಗೆ ರಜೆಯಲ್ಲಿ ಹೊರಗೆ ಹೋದದ್ದೆಲ್ಲ ಶಾಲೆ ಶುರುವಾದಾಗ ಒಟ್ಟಿಗೆ ಗ್ರಂಥಾಲಯಕ್ಕೆ ವಾಪಸ್ ಬರುತ್ತದೆ. ಆವತ್ತು ಜಾಗ ಇರಬೇಕು.

ಹತ್ತು ವರ್ಷದ ಮೇಲೆ? ವರ್ಷಕ್ಕೆ ನಿವ್ವಳ 800, ಹತ್ತು ವರ್ಷಕ್ಕೆ 8,000. ಒಟ್ಟು 32,000. ಎಂಟರಲ್ಲಿ ಒಂದು ಹೊರಗೆ ಅಂದರೆ 28,000 ಒಳಗೆ. ಅದೇ ಲೆಕ್ಕದಲ್ಲಿ 139 ರ‍್ಯಾಕ್. ಈಗಿನ 104 ಕಳೆದರೆ ಹೊಸದಾಗಿ 35 ಬೇಕು.

ಗೇಣು ಖಾಲಿ ಬಿಟ್ಟಿದ್ದೇವಲ್ಲ, ಹೊಸ ಪುಸ್ತಕ ಅಲ್ಲೇ ಹಿಡಿಸುತ್ತದಲ್ಲ ಅಂತ ಗುಂಪಿನಲ್ಲಿ ಒಬ್ಬರು ಕೇಳಿದರು. ಹಿಡಿಸಲ್ಲ. ಗೇಣು ದಿನದ ಕೆಲಸಕ್ಕೆ ಬಿಟ್ಟ ಜಾಗ. ಬೆಳವಣಿಗೆಯ ಜಾಗ ಬೇರೆ. ಇವೆರಡನ್ನೂ ಸೇರಿಸಿ ಒಂದೇ ಅಂದರೆ 35ರ ಬದಲು ಸೊನ್ನೆ ಉತ್ತರ ಬರುತ್ತದೆ.

35 ರ‍್ಯಾಕ್ ಎಲ್ಲಿ ಇಡೋದು?

ನನ್ನ ತಲೆ ಕೆಟ್ಟದ್ದು ಅಂದೆನಲ್ಲ, ಆ ಹೆಜ್ಜೆ ಇದೇ. 35 ಸರಿಯಾದ ಉತ್ತರ. ಆದರೂ ಗ್ರಂಥಾಲಯ ಐದನೇ ವರ್ಷಕ್ಕೇ ಉಸಿರುಗಟ್ಟುತ್ತದೆ. ಹೇಗೆ?

ಪುಸ್ತಕಗಳನ್ನು ಮೂರು ಗುಂಪು ಮಾಡಿ. ಕನ್ನಡ ಕಥೆ ಕಾದಂಬರಿ 6,000. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು 3,000. ಉಳಿದದ್ದು 15,000. ಹೊಸ ಜಾಗವನ್ನು ಇದೇ ಪ್ರಮಾಣದಲ್ಲಿ ಹಂಚಿದರೆ ನ್ಯಾಯ ಅನ್ನಿಸುತ್ತದೆ. ಕಾದಂಬರಿ ಈಗ ಕಾಲು ಭಾಗ ಇದೆ, ಹಾಗಾಗಿ 8,000ದಲ್ಲಿ ಅದಕ್ಕೆ 2,000 ಪುಸ್ತಕದ ಜಾಗ. ರ‍್ಯಾಕಿನಲ್ಲಿ ಹೇಳಿದರೆ 9.

ಈಗ ಬರೋದನ್ನೂ ಹೋಗೋದನ್ನೂ ಗುಂಪುವಾರು ನೋಡಿ. ಕಾದಂಬರಿ ವರ್ಷಕ್ಕೆ 500 ಬರುತ್ತದೆ, 40 ಮಾತ್ರ ಹೋಗುತ್ತದೆ. ನಿವ್ವಳ 460. ಗೈಡು 300 ಬರುತ್ತದೆ, ಹಳತಾಗಿ 280 ಹೋಗುತ್ತದೆ. ನಿವ್ವಳ 20. ಉಳಿದದ್ದು 400 ಬಂದು 80 ಹೋಗುತ್ತದೆ. ನಿವ್ವಳ 320. ಕೂಡಿದರೆ ಅದೇ 800. ಒಟ್ಟು ಸರಿ ಇರುವುದರಿಂದಲೇ ಒಳಗಿನ ಏರುಪೇರು ಕಣ್ಣಿಗೆ ಬೀಳಲ್ಲ.

ಕಾದಂಬರಿಗೆ ಕೊಟ್ಟ 2,000ದ ಜಾಗ ನಾಲ್ಕೂವರೆ ವರ್ಷ ಆಗುವ ಮೊದಲೇ ಭರ್ತಿ. ಗೈಡಿಗೆ ಕೊಟ್ಟದ್ದು 1,000ದ ಜಾಗ, ಹತ್ತು ವರ್ಷಕ್ಕೂ ಅದಕ್ಕೆ ಬೇಕಾದದ್ದು 200. ಖಾಲಿ ಇದೆ, ಆದರೆ ತಪ್ಪು ಜಾಗದಲ್ಲಿದೆ.

ಸರಿ, ಅಲ್ಲಿನ ಖಾಲಿ ಇಲ್ಲಿಗೆ ಕೊಟ್ಟರಾಯಿತು ಅಂತೀರಾ? ಪುಸ್ತಕಗಳನ್ನು ವಿಷಯದ ಸಂಖ್ಯೆಯ ಪ್ರಕಾರ ಸಾಲಾಗಿ ಜೋಡಿಸುವ ಡ್ಯೂಯಿ ಕ್ರಮದಲ್ಲಿ ಖಾಲಿ ಜಾಗ ಜಿಗಿಯಲ್ಲ. ಗೈಡುಗಳು ಬಹುಪಾಲು 300ರ ಗುಂಪಿನಲ್ಲಿ. ಕನ್ನಡ ಕಾದಂಬರಿ 894.8143ರಲ್ಲಿ. ನಡುವೆ 400, 500, 600, 700 ಎಲ್ಲ ಇವೆ. ಬಿಎಂಟಿಸಿ ಬಸ್ಸಿನಲ್ಲಿ ಮುಂದಿನ ಬಾಗಿಲ ಹತ್ತಿರ ಜಾಗ ಇದ್ದರೂ ಹಿಂದಿನ ಬಾಗಿಲಲ್ಲಿ ನೇತಾಡುವವರಿಗೆ ಅದು ಸಿಗಬೇಕಾದರೆ ನಡುವಿನವರೆಲ್ಲ ಒಂದೊಂದು ಹೆಜ್ಜೆ ಸರಿಯಬೇಕು. ಇಲ್ಲೂ ಹಾಗೇ, ಸರಿಯಬೇಕಾದದ್ದು ಸಾವಿರಾರು ಪುಸ್ತಕ.

ಆ ನಂಬರನ್ನೇ ಸ್ವಲ್ಪ ನೋಡಿ. 8 ಸಾಹಿತ್ಯ. 894.8 ದ್ರಾವಿಡ ಭಾಷೆಗಳ ಸಾಹಿತ್ಯ. 894.814 ಕನ್ನಡ. ಕೊನೆಯ 3 ಕಾದಂಬರಿ. ಇಂಗ್ಲಿಷ್ ಕಾದಂಬರಿಗೆ 823 ಸಾಕು, ನಮ್ಮದಕ್ಕೆ ಏಳು ಅಂಕಿ. 1876ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪದ್ಧತಿ, ಅವರವರ ಮನೆಗೆ ಅವರವರು ದೊಡ್ಡ ಜಾಗ ಇಟ್ಟುಕೊಂಡರು. 120 ಪುಟದ ಕಾದಂಬರಿಯ ಬೆನ್ನಿಗೆ ಈ ನಂಬರಿನ ಲೇಬಲ್ ಹಚ್ಚಿದರೆ ಅರ್ಧ ಮುಖಪುಟಕ್ಕೆ ಮಡಚಿಕೊಳ್ಳುತ್ತದೆ. ಹಚ್ಚಿಯೂ ಏನು ಲಾಭ? 6,000 ಪುಸ್ತಕಕ್ಕೂ ಅದೇ ನಂಬರು. ಓದುಗನಿಗೆ ಅದರಿಂದ ಏನೂ ಗೊತ್ತಾಗಲ್ಲ.

ಪರಿಹಾರ ಹಳೆಯದೇ: ಕ್ರಮ ಮುರಿಯುವುದು. ಕನ್ನಡ ಕಾದಂಬರಿಯನ್ನು ಸಂಖ್ಯೆಯ ಸಾಲಿನಿಂದ ಹೊರಗೆ ತಂದು, ಲೇಖಕರ ಹೆಸರಿನ ಅಕಾರಾದಿಯಲ್ಲಿ ಬೇರೆ ಗೋಡೆಗೆ ಜೋಡಿಸಿ. ಆ ಗೋಡೆಯ ಒಂದು ತುದಿ ತೆರೆದಿರಲಿ. ಕ್ಯಾಟಲಾಗಿನಲ್ಲಿ 894.8143 ಹಾಗೇ ಇರಲಿ, ಬೆನ್ನಿನ ಮೇಲೆ ಎರಡೋ ಮೂರೋ ಕನ್ನಡ ಅಕ್ಷರ ಸಾಕು. ಒಂದು ಎಚ್ಚರಿಕೆ: ಕಾವ್ಯನಾಮವೋ ನಿಜನಾಮವೋ ಮೊದಲೇ ತೀರ್ಮಾನಿಸಿ. ಒಬ್ಬರು ಕುವೆಂಪು ಅಂತ ಕ ಸಾಲಿಗೆ, ಇನ್ನೊಬ್ಬರು ಪುಟ್ಟಪ್ಪ ಅಂತ ಪ ಸಾಲಿಗೆ ಇಟ್ಟರೆ ಅದೇ ಲೇಖಕರು ಎರಡು ಕಡೆ ಸಿಗುತ್ತಾರೆ.

ಈಗ ಹಂಚಿಕೆ. ಕಾದಂಬರಿಗೆ 4,600 ಪುಸ್ತಕದ ಜಾಗ, 20 ರ‍್ಯಾಕ್. ಗೈಡಿಗೆ 1. ಉಳಿದದ್ದಕ್ಕೆ 14. ಮೊತ್ತ ಅದೇ 35. ಇರುವ ಪುಸ್ತಕದ ಪ್ರಮಾಣ ನೋಡಿದಾಗ ಕಾದಂಬರಿಗೆ ಸಿಕ್ಕಿದ್ದು 9, ಬರುವ ಪುಸ್ತಕದ ಪ್ರಮಾಣ ನೋಡಿದಾಗ 20. ಪರೀಕ್ಷೆಯಲ್ಲಿ 35 ಬರೆದರೆ ಅಂಕ ಸಿಗಬಹುದು. ಗ್ರಂಥಾಲಯ ನಡೆಸೋರಿಗೆ 20 ಗೊತ್ತಿರಬೇಕು.

ತೆಗೆಯುವುದು

ವೀಡಿಂಗ್, ಅಂದರೆ ಬೇಡದ ಪುಸ್ತಕ ಆರಿಸಿ ತೆಗೆಯುವ ಕೆಲಸ, ಮಾಡದಿದ್ದರೆ ಮೇಲಿನ ನಿವ್ವಳ ಲೆಕ್ಕವೇ ಸುಳ್ಳು. ಯಾವುದನ್ನು ತೆಗೆಯಬೇಕು ಅಂತ ಹೇಳುವ, ಅಮೆರಿಕದ ಟೆಕ್ಸಾಸ್ ರಾಜ್ಯ ಗ್ರಂಥಾಲಯದ ಕ್ರೂ (CREW) ಕೈಪಿಡಿಯ ಸೂತ್ರ ಹೀಗಿರುತ್ತದೆ: 8/3/ಮಸ್ಟಿ. ಮೊದಲ ಅಂಕಿ ಪ್ರಕಟವಾಗಿ ಎಷ್ಟು ವರ್ಷ ಆಯಿತು. ಎರಡನೆಯದು ಯಾರೂ ಒಯ್ಯದೆ ಎಷ್ಟು ವರ್ಷ ಆಯಿತು. ಮಸ್ಟಿ (MUSTIE) ಅಂದರೆ ಆರು ಕಾರಣ: ತಪ್ಪು ಮಾಹಿತಿ, ಹರಿದು ಹಾಳಾದದ್ದು, ಹೊಸ ಆವೃತ್ತಿ ಬಂದದ್ದು, ಹುರುಳಿಲ್ಲದ್ದು, ಈ ಊರಿಗೆ ಬೇಡದ್ದು, ಬೇರೆ ಕಡೆ ಸುಲಭವಾಗಿ ಸಿಗುವುದು. ಕಂಪ್ಯೂಟರ್ ಪುಸ್ತಕಕ್ಕೆ ಮೂರೇ ವರ್ಷ ಆಯುಸ್ಸು. ಕಾದಂಬರಿಗೆ ವಯಸ್ಸಿನ ಲೆಕ್ಕ ಇಲ್ಲ, ಎರಡು ವರ್ಷ ಯಾರೂ ಮುಟ್ಟದಿದ್ದರೆ ಪರಿಶೀಲಿಸಿ ಅನ್ನುತ್ತದೆ.

ಈ ಕೊನೆಯದನ್ನು ನಾನು ಒಪ್ಪಲ್ಲ. ಒಂದೇ ಮುದ್ರಣ ಕಂಡು ಮುಗಿದ ಕನ್ನಡ ಪುಸ್ತಕ ಎಷ್ಟೋ ಇವೆ. ಪ್ರಕಾಶಕರ ಬಳಿ ಇಲ್ಲ, ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕರೆ ಅದೃಷ್ಟ. ಬೇರೆ ಕಡೆ ಸುಲಭವಾಗಿ ಸಿಗುತ್ತವೆ ಅನ್ನುವ ಆರನೇ ಕಾರಣ ಅವಕ್ಕೆ ಹೊಂದಲ್ಲ, ಹಾಗಾಗಿ ಹೋಗಬಾರದು. ನನ್ನ ಲೆಕ್ಕದಲ್ಲಿ ಕಾದಂಬರಿ ವರ್ಷಕ್ಕೆ 40 ಮಾತ್ರ ಹೋಗುವುದು ಇದಕ್ಕೇ.

ಮಹಡಿ ಮತ್ತು ಕುರ್ಚಿ

35 ರ‍್ಯಾಕನ್ನು ಮೇಲಿನ ಮಹಡಿಗೆ ಏರಿಸೋಣ ಅನ್ನುವ ಮೊದಲು ಕಟ್ಟಡಗಳು ಹೊರಬೇಕಾದ ಭಾರದ ಭಾರತೀಯ ಮಾನದಂಡ ಐಎಸ್ 875ರ ಎರಡನೇ ಭಾಗ ನೋಡಿ. ಮನೆಯ ಕೋಣೆಯ ನೆಲಕ್ಕೆ ಚದರ ಮೀಟರಿಗೆ 2 ಕಿಲೋನ್ಯೂಟನ್ ಭಾರ ಹಿಡಿಯುತ್ತಾರೆ, ಅಂದರೆ ಸುಮಾರು 200 ಕೆ.ಜಿ. ಪುಸ್ತಕದ ದಾಸ್ತಾನು ಕೋಣೆಗೆ 2.2 ಮೀಟರ್ ಎತ್ತರದವರೆಗೆ 6, ಅದರ ಮೇಲೆ ಪ್ರತಿ ಮೀಟರಿಗೆ ಇನ್ನೂ 2. ಮೂರು ಪಟ್ಟು! ಬಾಡಿಗೆ ಮನೆಯಲ್ಲಿ ಶಾಖೆ ನಡೆಸುವವರು ಇಂಜಿನಿಯರನ್ನು ಕೇಳದೆ ಮೊದಲ ಮಹಡಿಗೆ ರ‍್ಯಾಕ್ ಹಾಕಬಾರದು. ರ‍್ಯಾಕ್ ಕೆಳಗೆ, ಓದುವ ಕೋಣೆ ಮೇಲೆ ಅನ್ನೋದು ಸುಲಭ. ಬೆಳಗ್ಗೆ ಪೇಪರ್ ಓದಲು ಬರುವ ಹಿರಿಯರ ಮಂಡಿ ಅದನ್ನು ಒಪ್ಪಲ್ಲ. ಪೇಪರ್ ಮೇಜು ಕೆಳಗೇ ಇರಲಿ.

ಕುರ್ಚಿಯ ಲೆಕ್ಕವೂ ಬೇರೆಯೇ. ಬೆಂಗಳೂರಿನ ಹಂಪಿನಗರದ ಗ್ರಂಥಾಲಯಕ್ಕೆ ಹೋದವರಿಗೆ ಗೊತ್ತು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ತಮ್ಮ ಪುಸ್ತಕ ತಾವೇ ತರುತ್ತಾರೆ. ಅವರಿಗೆ ಬೇಕಾದದ್ದು ಜಾಗ, ಬೆಳಕು, ಪ್ಲಗ್ಗು, ಶೌಚಾಲಯ. ಇಶ್ಯೂ ಅಂಕಿ ಮಾತ್ರ ನೋಡಿ ವಿಸ್ತರಣೆ ಯೋಜಿಸಿದರೆ ಇವರು ಲೆಕ್ಕಕ್ಕೇ ಬರಲ್ಲ. ಬಾಗಿಲ ಹತ್ತಿರ ತಲೆ ಎಣಿಸುವುದೊಂದೇ ದಾರಿ, ಅದೂ ಬೇರೆ ಬೇರೆ ಹೊತ್ತಿನಲ್ಲಿ.

ಕಳೆದುಹೋದ ಪುಸ್ತಕ

ಕೊನೆಯದು, ಪರೀಕ್ಷೆಯಲ್ಲಿ ಮತ್ತೆ ಮತ್ತೆ ಕೇಳುವಂಥದ್ದು. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು 2017, ನಿಯಮ 215. 20,000 ಸಂಪುಟದವರೆಗೆ ಪ್ರತಿ ವರ್ಷ ಪೂರ್ತಿ ಪರಿಶೀಲನೆ. 20,000ದಿಂದ 50,000ದವರೆಗೆ ಮೂರು ವರ್ಷಕ್ಕೊಮ್ಮೆ. ಅದಕ್ಕಿಂತ ಮೇಲೆ ಮಾದರಿ ಪರಿಶೀಲನೆ. ನಮ್ಮ 24,000 ನಡುವಿನದು. ನಷ್ಟ ಸಾವಿರಕ್ಕೆ ಐದು ಇದ್ದರೆ ಸಹಜ ಅನ್ನುತ್ತಾರೆ, ಅಪ್ರಾಮಾಣಿಕತೆ ನಿರ್ಲಕ್ಷ್ಯ ಇಲ್ಲದಿದ್ದರೆ. ಇಲ್ಲಿ ಗಮನಿಸಿ: ಸಾವಿರ ಅಂದರೆ ಇರುವ ಪುಸ್ತಕದ ಸಾವಿರ ಅಲ್ಲ, ವರ್ಷದಲ್ಲಿ ಇಶ್ಯೂ ಆದ ಅಥವಾ ಬಳಸಿದ ಸಂಪುಟಗಳ ಸಾವಿರ. 40,000 ಇಶ್ಯೂ ಆದರೆ 200. ಇರುವ 24,000ಕ್ಕೆ ಲೆಕ್ಕ ಹಾಕಿದವರು 120 ಅಂತ ಬರೆದು ಬರುತ್ತಾರೆ. 1,000 ರೂಪಾಯಿಗಿಂತ ಹೆಚ್ಚು ಬೆಲೆಯದು ಅಥವಾ ಅಪರೂಪದ್ದು ಹೋದರೆ ತನಿಖೆ ಆಗಲೇಬೇಕು.

ಹಾಗಾದರೆ ಈ 200ನ್ನೂ 800ರಿಂದ ಕಳೆಯಬೇಕಲ್ಲವೇ? ನಾನು ಕಳೆಯಲ್ಲ. ಜಾಸ್ತಿ ಕಳೆದುಹೋಗುವುದು ಜಾಸ್ತಿ ಓದುವ ಪುಸ್ತಕ, ಅದನ್ನು ಮತ್ತೆ ಕೊಳ್ಳಲೇಬೇಕು, ರ‍್ಯಾಕಿನಲ್ಲಿ ಅದರ ಜಾಗ ಹಾಗೇ ಇರಬೇಕು. ಪ್ರಶ್ನೆಯಲ್ಲಿ ಕಳೆಯಿರಿ ಅಂತ ಸ್ಪಷ್ಟವಾಗಿ ಕೊಟ್ಟಿದ್ದರೆ ಮಾತ್ರ ಕಳೆಯಿರಿ.